ಕಡ್ಡಾಯ ರಕ್ತಪರೀಕ್ಷೆ ಬೇಡ, ಮಳೆಗೆ ಮೊದಲು ಗುಳಿಗೆ ತಲುಪಿಸಿ: ಕೊಡಗು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಕಾಫಿ ಕೊಯ್ಲು ಹತ್ತಿರ ಬಂದಂತೆಲ್ಲ ನಮ್ಮ ಜಿಲ್ಲೆಯಲ್ಲಿ ಒಂದು ಮಾತು ಏಳುತ್ತದೆ. ಅಸ್ಸಾಂ, ಬಂಗಾಳದ ಕಡೆಯಿಂದ ಬರುವ ಕಾರ್ಮಿಕರ ಆಧಾರ್ ಕಾರ್ಡು ನೋಡಿದರೆ ಸಾಲದು, ಎಚ್‌ಐವಿ ರಕ್ತಪರೀಕ್ಷೆ ಮಾಡಿಸಿಯೇ ಲೈನ್‌ಮನೆಗೆ, ಅಂದರೆ ತೋಟದ ಕೂಲಿಯವರ ಸಾಲುಮನೆಗೆ, ಬಿಟ್ಟುಕೊಳ್ಳಬೇಕು ಅನ್ನುವುದು. ಗೋಣಿಕೊಪ್ಪದ ಸಂತೆಯಲ್ಲಿ ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ, ಈಗ ವಾಟ್ಸಾಪಿನಲ್ಲೂ ಓದುತ್ತಿದ್ದೇನೆ. ಹೇಳುವವರು ಕೆಟ್ಟವರೇನಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ತೋಟಕ್ಕೆ ಗುರುತಿಲ್ಲದ ಜನ ಬಂದಿಳಿಯುತ್ತಾರೆ, ಹೆದರಿಕೆ ಆಗುತ್ತದೆ. ಆದರೆ ನಾಳೆ ಇದೇ ಮಾತು ಮನವಿಪತ್ರವಾಗಿ ತಮ್ಮ ಮೇಜಿಗೆ ಬಂದರೆ, ಅದರ ಮೇಲೆ ಷರಾ ಬರೆಯುವ ಮುನ್ನ ಈ ಪತ್ರವನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಐಸಿಟಿಸಿಯಲ್ಲಿ ಆಪ್ತ ಸಮಾಲೋಚಕಿಯಾಗಿ ದುಡಿದು ನಿವೃತ್ತಳಾದವಳು. ಎಚ್‌ಐವಿ ಪರೀಕ್ಷೆಗೆ ಮೊದಲೂ ಆಮೇಲೂ ಜನರನ್ನು ಕೂರಿಸಿ ಮಾತನಾಡುವ, ಸರ್ಕಾರಿ ಆಸ್ಪತ್ರೆಯ ಮೂಲೆಯ ಸಣ್ಣ ಕೋಣೆ ಅದು. ನನ್ನೆದುರಿನ ಕುರ್ಚಿಯಲ್ಲಿ ಕೊಡವರ ಹಿರಿಮನೆಗಳಾದ ಐನ್‌ಮನೆಯವರು ಕೂತಿದ್ದಾರೆ, ಬುಡಕಟ್ಟಿನ ಹಾಡಿಯವರು ಕೂತಿದ್ದಾರೆ, ಲಾರಿ ಡ್ರೈವರುಗಳು, ಮದುವೆಯಾಗಿ ವರ್ಷ ತುಂಬದ ಹೆಣ್ಣುಮಕ್ಕಳು ಕೂತಿದ್ದಾರೆ. ಹಾಗಾಗಿ ಈ ಕಾಯಿಲೆ ಹೊರಗಿನವರದು ಅನ್ನುವ ಮಾತು ನನಗೆ ಒಪ್ಪಿಗೆಯಾಗುವುದು ಕಷ್ಟ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆಯ ಪ್ರಕಾರ ಕೆಲಸ ಕೊಡುವುದಕ್ಕೆ ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ರಕ್ತ ತೆಗೆಯುವಂತಿಲ್ಲ. ತೋಟದ ಮಾಲೀಕರಿಗೂ ಇದು ಅನ್ವಯ. ಆ ಕಾಯ್ದೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಆಗ ಕೊಡಗು ಹೇಗಿತ್ತೆಂದು ನೆನಪಿಸಿಕೊಳ್ಳಿ. ಆಗಸ್ಟಿನ ಮಳೆಗೆ ಗುಡ್ಡ ಜಾರಿ, ಮಕ್ಕಂದೂರು, ಜೋಡುಪಾಲದ ಕಡೆ ಮನೆ ಕಳೆದುಕೊಂಡವರು ಇನ್ನೂ ಚೇತರಿಸಿಕೊಂಡಿರಲಿಲ್ಲ. ದಿಲ್ಲಿಯಲ್ಲಿ ಯಾವ ಕಾಯ್ದೆ ಜಾರಿಯಾಯಿತೆಂದು ನೋಡುವ ಪುರುಸೊತ್ತು ಯಾರಿಗಿತ್ತು? ಆಮೇಲಾದರೂ ಅದು ತೋಟದ ಗುಮಾಸ್ತನಾದ ರೈಟರ್‌ವರೆಗೆ, ಮೇಸ್ತ್ರಿವರೆಗೆ ಇಳಿದು ಬಂದದ್ದನ್ನು ನಾನು ಕಂಡಿಲ್ಲ.

ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಯಾಕೆಂದರೆ ಕಡ್ಡಾಯ ಪರೀಕ್ಷೆಯನ್ನು ನಮ್ಮ ದೇಶ ಒಮ್ಮೆ ಮಾಡಿ ನೋಡಿದೆ.

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಸಣ್ಣ ವರದಿ ಪ್ರಕಟಿಸಿತು: ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ. ಮರುವರ್ಷ ಕಾಯಿಲೆಗೆ ಏಡ್ಸ್ ಎಂಬ ಹೆಸರು ಬಂತು. ಹೆಸರಿನ ಜೊತೆಗೇ ಆರೋಪಿಗಳ ಪಟ್ಟಿಯೂ ಬಂತು. ಸಲಿಂಗಿಗಳು, ಸೂಜಿಮದ್ದಿನ ಚಟದವರು, ಹೈಟಿ ದೇಶದಿಂದ ವಲಸೆ ಬಂದವರು. ನಮ್ಮಲ್ಲಿ ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಇದು ಪರದೇಶದ ಕಾಯಿಲೆ ಅಂತ. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೋಮನ್ ತಮ್ಮ ವಿದ್ಯಾರ್ಥಿನಿ ನಿರ್ಮಲಾ ಅವರಿಗೆ ಪ್ರಬಂಧಕ್ಕಾಗಿ ಈ ವಿಷಯ ಕೊಟ್ಟಾಗ, ಏನಾದರೂ ಸಿಕ್ಕೀತೆಂಬ ನಿರೀಕ್ಷೆ ಹೆಚ್ಚಿನವರಿಗೆ ಇರಲಿಲ್ಲ. ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ತೆಗೆದು, ಮನೆಯ ಫ್ರಿಜ್‌ನಲ್ಲಿಟ್ಟುಕೊಂಡು, ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಒಯ್ದು ಪರೀಕ್ಷಿಸಿದರು. ಆರು ಜನರಲ್ಲಿ ಸೋಂಕು ಇತ್ತು. ತಮಿಳುನಾಡಿನ ಆರೋಗ್ಯ ಸಚಿವರು ಅದನ್ನು ವಿಧಾನಸಭೆಯಲ್ಲಿ ತಿಳಿಸಿದರು.

ಆಮೇಲೂ ನಾವು ಹೊರಗಿನವರನ್ನೇ ಹುಡುಕಿದೆವು. ಆಫ್ರಿಕಾದಿಂದ ಓದಲು ಬಂದ ವಿದ್ಯಾರ್ಥಿಗಳಿಗೆ ಕಡ್ಡಾಯ ಪರೀಕ್ಷೆ ಮಾಡಿ, ಸೋಂಕಿದ್ದವರನ್ನು ವಾಪಸು ಕಳಿಸಿದೆವು. ಹೀಗೆ ಹೊರಬಾಗಿಲು ಕಾಯುತ್ತಿದ್ದ ಕಾಲದಲ್ಲಿ ಒಳಗಿನ ರಕ್ತನಿಧಿಗಳಿಗೆ ದುಡ್ಡಿಗೆ ರಕ್ತ ಮಾರುವವರು ಸಾಲುಗಟ್ಟಿ ಬರುತ್ತಿದ್ದರು. ಆ ವ್ಯಾಪಾರ ನಿಲ್ಲಲು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಡಬೇಕಾಯಿತು, ನಿಷೇಧ ಜಾರಿಯಾದದ್ದು 1998ರ ಜನವರಿಯಲ್ಲಿ. ನಡುವಿನ ಆ ವರ್ಷಗಳಲ್ಲಿ ಹೆರಿಗೆಗೆಂದೋ ಅಪಘಾತವಾಗಿಯೋ ಆಸ್ಪತ್ರೆ ಸೇರಿ, ಬಾಟಲಿ ರಕ್ತದ ಜೊತೆ ಸೋಂಕನ್ನೂ ಪಡೆದು ಮನೆಗೆ ಹೋದವರಿದ್ದಾರೆ. ಅವರ ಪಾಲಿಗೆ ಕಾವಲು ನಿಂತದ್ದು ತಪ್ಪು ಬಾಗಿಲಲ್ಲಿ.

ಗೋವಾದ ಡೊಮಿನಿಕ್ ಡಿಸೋಜಾ ಅವರ ಕತೆ ತಾವು ಕೇಳಿರಬಹುದು. ಕೇಳಿದ್ದರೂ ಇನ್ನೊಮ್ಮೆ ಹೇಳುತ್ತೇನೆ. ಆತ ತಾನಾಗಿ ರಕ್ತದಾನ ಮಾಡುತ್ತಿದ್ದ ಯುವಕ. ಕೊಟ್ಟ ರಕ್ತದಲ್ಲಿ ಎಚ್‌ಐವಿ ಪತ್ತೆಯಾಯಿತು. 1989ರ ಫೆಬ್ರವರಿಯಲ್ಲಿ ಪೊಲೀಸರು ಬಂದು, ಏನು ಏಕೆ ಎಂದು ಬಿಡಿಸಿ ಹೇಳದೆ, ಕರೆದುಕೊಂಡು ಹೋದರು. ಮಾಪುಸಾದ ಹಳೆಯ ಕ್ಷಯ ಆಸ್ಪತ್ರೆಯ ಕಟ್ಟಡದಲ್ಲಿ, ಕಾವಲಿನಲ್ಲಿ, ಒಬ್ಬನೇ 64 ದಿನ ಇದ್ದ. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ತಂದಿದ್ದ ತಿದ್ದುಪಡಿಯಲ್ಲಿ ಇದಕ್ಕೆಲ್ಲ ಅವಕಾಶ ಇತ್ತು, ಅಧಿಕಾರಿಗಳು ನಿಯಮ ಮೀರಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸುವ ವಿಷಯ. ತಾಯಿ ಲೂಸಿ ಹೈಕೋರ್ಟ್ ಮೆಟ್ಟಿಲೇರಿದರು, ಊರವರು ಬೀದಿಗಿಳಿದರು, ಆತ ಹೊರಬಂದ. ಬಂದವನು ಸುಮ್ಮನೆ ಕೂರದೆ ತನ್ನಂಥವರಿಗಾಗಿ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆ ಕಟ್ಟಿ, 1992ರಲ್ಲಿ ತೀರಿಕೊಂಡ. ಈಗ ಯೋಚಿಸಿ, ಆ 64 ದಿನಗಳ ಸುದ್ದಿ ಪತ್ರಿಕೆಯಲ್ಲಿ ಓದಿದ ಮೇಲೆ ತಾನಾಗಿ ಬಂದು ರಕ್ತಪರೀಕ್ಷೆಗೆ ಕೈ ಚಾಚುವ ಧೈರ್ಯ ಯಾರಿಗೆ ಉಳಿದೀತು?

ಪರಿಸ್ಥಿತಿ ತಿರುಗಿದ್ದು ಬೇರೆ ದಾರಿಯಿಂದ. ಕೋಲ್ಕತ್ತದ ವೇಶ್ಯಾವಾಟಿಕೆಯ ಪ್ರದೇಶವಾದ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಲೈಂಗಿಕ ಕಾರ್ಯಕರ್ತೆಯರನ್ನೇ ಕಾಂಡೋಮ್ ಪ್ರಚಾರಕ್ಕೆ ನಿಲ್ಲಿಸಿದರು. ನಮ್ಮ ಪಕ್ಕದ ಮೈಸೂರಿನಲ್ಲಿ ಆಶೋದಯ ಸಮಿತಿ ಕಟ್ಟಿಕೊಂಡವರೂ ಆ ವೃತ್ತಿಯವರೇ. ಪೊಲೀಸರಿಗೆ ಹೆದರಿ ಓಡುತ್ತಿದ್ದ ಹೆಂಗಸರು ಪೊಲೀಸರೊಂದಿಗೆ ಕೂತು ಮಾತನಾಡುವಂತಾದರು. ಇತ್ತ ಶಾಲೆಗಳ ವಿಷಯಕ್ಕೆ ಬಂದರೆ 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬೇಡವೆಂದ ರಾಜ್ಯಗಳ ಸಾಲಿನಲ್ಲಿ ನಮ್ಮದೂ ನಿಂತಿತು. ಅದರ ಬಗ್ಗೆ ಬರೆಯಹೊರಟರೆ ಇನ್ನೊಂದು ಪತ್ರವೇ ಆದೀತು, ಬಿಡುತ್ತೇನೆ.

ಗುಳಿಗೆಯ ಕತೆಯನ್ನು ಮಾತ್ರ ಬಿಡಲಾರೆ. 1996ರ ಹೊತ್ತಿಗೆ ಮೂರು ಔಷಧಿ ಕೂಡಿಸಿ ಕೊಟ್ಟರೆ ರೋಗಿ ಬದುಕುತ್ತಾನೆಂದು ಜಗತ್ತಿಗೆ ಗೊತ್ತಾಗಿತ್ತು. ಆದರೆ ವರ್ಷಕ್ಕೆ 10,000 ಡಾಲರ್ ಮೀರುವ ಖರ್ಚು. 2001ರಲ್ಲಿ ನಮ್ಮ ದೇಶದ ಔಷಧಿ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ ಅದನ್ನೇ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆಂದರು. 2004ರ ಏಪ್ರಿಲ್ 1ರಿಂದ ನಮ್ಮ ಸರ್ಕಾರ ವೈರಸ್ಸನ್ನು ಅಡಗಿಸಿಡುವ ಈ ಗುಳಿಗೆಗಳ, ಅಂದರೆ ಎಆರ್‌ಟಿಯ, ಉಚಿತ ಚಿಕಿತ್ಸೆ ಶುರುಮಾಡಿತು. ಆಗ ರೋಗದ ವಿರುದ್ಧ ಹೋರಾಡುವ ರಕ್ತಕಣಗಳಾದ ಸಿಡಿ4 ಎಣಿಕೆ 200ಕ್ಕಿಂತ ಕೆಳಗೆ ಇಳಿಯುವ ತನಕ ಕಾಯಿಸಬೇಕಿತ್ತು. ಸ್ಟಾವುಡಿನ್ ಎಂಬ ಔಷಧಿ ಇದ್ದ ಗುಳಿಗೆ ಜೀವ ಉಳಿಸುತ್ತಿತ್ತು, ಆದರೆ ಕೆಲವರ ಕೆನ್ನೆಯ ಕೊಬ್ಬು ಕರಗಿ ಗುಳಿ ಬೀಳುತ್ತಿತ್ತು. ಆ ಮುಖ ನೋಡಿಯೇ ಊರು ಪತ್ತೆಹಚ್ಚುತ್ತಿತ್ತು. ಈಗ ಅದೆಲ್ಲ ಹೋಗಿದೆ. 2017ರಿಂದ ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ ಸಿಡಿ4 ಎಷ್ಟೇ ಇರಲಿ ಚಿಕಿತ್ಸೆ ಇದೆ. ದಿನಕ್ಕೆ ಒಂದೇ ಗುಳಿಗೆ. ಚೆನ್ನೈ, ಪುಣೆಗಳ ದಂಪತಿಗಳೂ ಸೇರಿದ್ದ ಅಂತರರಾಷ್ಟ್ರೀಯ ಅಧ್ಯಯನವೊಂದು 2011ರಲ್ಲಿ ತೋರಿಸಿಕೊಟ್ಟದ್ದು, ಬೇಗ ಚಿಕಿತ್ಸೆ ಪಡೆದವರಿಂದ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ಕಡಿಮೆಯಾಗುತ್ತದೆಂದು. ತಪ್ಪದೆ ಗುಳಿಗೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ ಎಂಬುದು ಈಗ ವೈದ್ಯಲೋಕ ಒಪ್ಪಿದ ಮಾತು.

ಹಾಗಾದರೆ ತೋಟದವರ ಮಕ್ಕಳನ್ನು ಕಾಯುವುದು ಯಾವುದು? ಮೊದಲನೆಯದಾಗಿ, ಒಟ್ಟಿಗೆ ಕೆಲಸ ಮಾಡಿದ್ದಕ್ಕೆ, ಒಂದೇ ಲೋಟದಲ್ಲಿ ಕಾಫಿ ಕುಡಿದದ್ದಕ್ಕೆ ಈ ಸೋಂಕು ಬರುವುದೇ ಇಲ್ಲ. ಬರುವ ದಾರಿಗಳನ್ನು ಮುಚ್ಚುವುದು ಕಾಂಡೋಮು, ಶುದ್ಧ ಸೂಜಿ, ಪರೀಕ್ಷಿಸಿದ ರಕ್ತ, ಮತ್ತು ಸೋಂಕಿತರ ಹೊಟ್ಟೆಗೆ ದಿನವೂ ಬೀಳುವ ಆ ಗುಳಿಗೆ. ಕಡ್ಡಾಯ ಪರೀಕ್ಷೆಯ ಚೀಟಿ ಇದರಲ್ಲಿ ಯಾವುದನ್ನೂ ಮಾಡುವುದಿಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಗೊತ್ತೇ ಆಗದಿರಬಹುದು, ಹಾಗಾಗಿ ‘ನೆಗೆಟಿವ್’ ಚೀಟಿ ಮುಂದಿನ ತಿಂಗಳಿಗೆ ಖಾತರಿಯಲ್ಲ. ‘ಪಾಸಿಟಿವ್’ ಬಂದರೆ ಆ ಚೀಟಿ ಮೊದಲು ಓದುವವನು ರೈಟರ್. ಸಂಜೆಯೊಳಗೆ ಸಾಲು ಮನೆಗಳಿಗೆಲ್ಲ ಸುದ್ದಿ. ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದವನು ಕುಟ್ಟ ದಾಟಿ ವಯನಾಡಿನ ಯಾವುದೋ ತೋಟ ಸೇರುತ್ತಾನೆ, ಅಲ್ಲಿ ಹೇಳಿಕೊಳ್ಳುವುದಿಲ್ಲ, ಗುಳಿಗೆಯೂ ನಿಲ್ಲುತ್ತದೆ. ನಿಂತ ಮೇಲೆ ವೈರಸ್ ಮತ್ತೆ ಏರುತ್ತದೆ. ಭಯ ಹೋಗಲಿ ಎಂದು ಮಾಡಿದ ಕೆಲಸ ಇದ್ದ ರಕ್ಷಣೆಯನ್ನೂ ಕಿತ್ತುಕೊಂಡಂತೆ.

ಈಗ ನಮ್ಮ ಮಳೆಯ ವಿಷಯ. ಎಆರ್‌ಟಿ ಕೇಂದ್ರ ಮಡಿಕೇರಿಯಲ್ಲಿದೆ. ಕುಟ್ಟದ ಕಡೆಯ ಕೂಲಿಯವಳಿಗೆ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಮೇಸ್ತ್ರಿಗೆ ಒಂದು ಸುಳ್ಳೂ ಹೇಳಬೇಕಾಯಿತು. ನಮ್ಮ ಬಸ್ಸುಗಳಲ್ಲಿ ಕಂಡಕ್ಟರಿಗೂ ಎಲ್ಲರ ಮನೆತನ ಗೊತ್ತು. ಹಾಗಾಗಿ ಮಡಿಕೇರಿಯಲ್ಲಿ ಕೇಂದ್ರ ಇದ್ದರೂ ಗುರುತಿನವರು ಸಿಕ್ಕಾರೆಂದು ಮೈಸೂರಿನಲ್ಲಿ ಹೆಸರು ಬರೆಸಿದವರನ್ನು ನಾನು ಬಲ್ಲೆ. ಚಿಕಿತ್ಸೆಯ ಹಸಿರು ಪುಸ್ತಕವನ್ನು ಅಕ್ಕಿ ಡಬ್ಬಿಯ ತಳದಲ್ಲಿ ಬಚ್ಚಿಡುವವರನ್ನೂ ಬಲ್ಲೆ. ಇವರಿಗೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ ದಾಟುವುದೇ ದೊಡ್ಡ ಗಂಡಾಂತರ. ಕಕ್ಕಡದ ಮಳೆಗೆ ಮರ ಬಿದ್ದು ರಸ್ತೆ ಮುಚ್ಚಿತೆಂದರೆ, ಬರೆ ಕುಸಿದು ಬಸ್ ನಿಂತಿತೆಂದರೆ, ತಿಂಗಳ ಗುಳಿಗೆ ಮುಗಿದವರು ಏನು ಮಾಡಬೇಕು? ಪರಿಹಾರ ಕೇಂದ್ರದ ಹಾಲ್‌ನಲ್ಲಿ ಇಡೀ ಊರಿನ ಜೊತೆ ಮಲಗಿದವಳು ಯಾರ ಕಣ್ಣೆದುರು ಡಬ್ಬಿ ಬಿಚ್ಚಬೇಕು?

ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. 2020ರ ಕೋವಿಡ್ ಲಾಕ್‌ಡೌನ್‌ನಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ ಸ್ಥಿರವಾಗಿರುವ ರೋಗಿಗಳಿಗೆ ಮೂರು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಡಲು ಹೇಳಿತ್ತು. ಕೊಡಗಿನಲ್ಲಿ ಪ್ರತಿ ವರ್ಷ ಮೇ ತಿಂಗಳೊಳಗೆ ಅದು ತಾನಾಗಿ ಆಗುವಂತೆ ಆದೇಶ ಮಾಡಿ. ಬಿಹು ಹಬ್ಬಕ್ಕೆ ಏಪ್ರಿಲ್‌ನಲ್ಲಿ ಅಸ್ಸಾಂಗೆ ಹೊರಡುವವರಿಗೂ ಹೊರಡುವ ಮೊದಲೇ ಸಿಗಲಿ, ಅಲ್ಲಿಂದ ಬರುವವರಿಗೆ ನೋಂದಣಿ ಬೇರೆ ರಾಜ್ಯದ್ದೆಂದು ಇಲ್ಲಿ ಬಾಗಿಲು ಮುಚ್ಚದಿರಲಿ. ದಾಸ್ತಾನು ಇದೆಯೇ ಎಂಬುದನ್ನು ಫೆಬ್ರವರಿಯಲ್ಲೇ ನೋಡಿಸಿ. 2022ರಲ್ಲಿ ಗುಳಿಗೆಯ ಕೊರತೆಯಾಗಿ ಸೋಂಕಿತರು ಅದೇ ಸಂಸ್ಥೆಯ ದಿಲ್ಲಿ ಕಚೇರಿಯ ಮುಂದೆ ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತಿದ್ದರು.

ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ ನಾನು. ಹೆಚ್ಚು ಜನ ಪರೀಕ್ಷೆ ಮಾಡಿಸಿಕೊಳ್ಳಲಿ, ಆದರೆ ಅವರಾಗಿ ಬರುವಂತೆ ಮಾಡಿ. ಸಿದ್ದಾಪುರ, ಸುಂಟಿಕೊಪ್ಪ, ಪೊನ್ನಂಪೇಟೆಯಲ್ಲಿ ಕೊಯ್ಲಿನ ಕಾಲದ ವಾರದ ರಜೆಯಂದು ಶಿಬಿರ ಹಾಕಿಸಿ. ಬಿಪಿ, ಶುಗರ್, ಕ್ಷಯ, ಎಚ್‌ಐವಿ ಎಲ್ಲ ಒಂದೇ ಟೆಂಟಿನಲ್ಲಿರಲಿ, ಯಾರು ಯಾವುದಕ್ಕೆ ಬಂದರೆಂದು ಗೊತ್ತಾಗದ ಹಾಗೆ. ಬಂಗಾಳಿ ಬಲ್ಲವರೊಬ್ಬರು, ಇಲ್ಲಿನ ಬುಡಕಟ್ಟಿನ ಯರವರ ಮಾತು ಬಲ್ಲವರೊಬ್ಬರು ಅಲ್ಲಿರಬೇಕು. ಹೊರಗೆ ಏಡ್ಸ್ ಗುರುತಿನ ಕೆಂಪು ರಿಬ್ಬನ್ನಿನ ಬ್ಯಾನರ್ ದಯವಿಟ್ಟು ಬೇಡ.

ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಜಾಥಾ ಬಗ್ಗೆ ಒಂದೇ ಮಾತು. ಶಾಲಾ ಮಕ್ಕಳನ್ನು ಬಿಸಿಲಲ್ಲಿ ನಡೆಸಿ ಘೋಷಣೆ ಕೂಗಿಸುವುದರಿಂದ ಹಾನಿಯಿಲ್ಲ, ಉಪಯೋಗವೂ ನನಗೆ ಕಾಣಲಿಲ್ಲ. 2007ರಲ್ಲಿ ರೆಡ್ ರಿಬ್ಬನ್ ಎಕ್ಸ್‌ಪ್ರೆಸ್ ಎಂಬ ರೈಲು ದೇಶವೆಲ್ಲ ಸುತ್ತಲು ಹೊರಟಿತು. ನಮ್ಮ ಜಿಲ್ಲೆಗೆ ಹಳಿಯೇ ಇಲ್ಲವಾದ್ದರಿಂದ ಅದು ಬರಲಿಲ್ಲ, ನಾವೇನೂ ಕಳೆದುಕೊಳ್ಳಲಿಲ್ಲ. ಜಾಥಾದ ಖರ್ಚಿನಲ್ಲಿ ಒಂದು ಹಾಳೆ ಮುದ್ರಿಸಿ. 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ, ಆಸ್ಪತ್ರೆಗಳಾದರೆ 20 ಜನವಿದ್ದರೂ ಸಾಕು, ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಜಿಲ್ಲೆಯ ಯಾವ ತೋಟದಲ್ಲಿ, ಯಾವ ಆಸ್ಪತ್ರೆಯಲ್ಲಿ ಅವರು ಯಾರು, ಫೋನ್ ಸಂಖ್ಯೆ ಏನು, ಅಷ್ಟೇ ಬರೆದು ಅಂಟಿಸಿ. ಕೆಳಗೆ 1097 ಸಹಾಯವಾಣಿಯೂ ಇರಲಿ.

ಕೊನೆಯದಾಗಿ, ತಮ್ಮ ಅಧ್ಯಕ್ಷತೆಯ ಜಿಲ್ಲಾ ಏಡ್ಸ್ ಸಮಿತಿಯ ಮುಂದಿನ ಸಭೆಗೆ ಎಚ್‌ಐವಿ ಜೊತೆ ಬದುಕುತ್ತಿರುವ ಇಬ್ಬರನ್ನಾದರೂ ಕರೆಯಿರಿ. ಒಬ್ಬರು ಲೈನ್‌ಮನೆಯವರಾಗಿರಲಿ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಬೇಡಿ, ಫೋಟೋ ತೆಗೆಸಬೇಡಿ, ಆ ದಿನದ ಕೂಲಿ ಮತ್ತು ಬಸ್ ಚಾರ್ಜು ಕೊಡಿಸಿ. ದಕ್ಷಿಣ ಕೊಡಗಿನವರಿಗೆ ಕತ್ತಲಾಗುವ ಮುನ್ನ ಆನೆ ಓಡಾಡುವ ದಾರಿ ದಾಟಬೇಕಾಗುತ್ತದೆ, ಆದ್ದರಿಂದ ಸಭೆಯನ್ನು ಬೆಳಿಗ್ಗೆ ಹತ್ತೂವರೆಗೇ ಇಟ್ಟರೆ ಅನುಕೂಲ.

ವಂದನೆಗಳೊಂದಿಗೆ,
ನಿವೃತ್ತ ಆಪ್ತ ಸಮಾಲೋಚಕಿ, ಸಿದ್ದಾಪುರ