ಆ ಅರ್ಜಿ ತುಂಬು, ಚೈತ್ರಾ

ವಿದ್ಯಾನಗರ, ದಾವಣಗೆರೆ

ಚಿ. ಚೈತ್ರಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಂಟರ್ನೆಟ್ಟಿನ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಫೆಲೋಶಿಪ್, ಅಂದರೆ ಅದರ ಸಭೆಗೆ ಹೊಸಬರನ್ನು ಕರೆಸಿಕೊಳ್ಳುವ ಕಾರ್ಯಕ್ರಮದ ಅರ್ಜಿಯನ್ನು ನೀನು ಅರ್ಧಕ್ಕೇ ಬಿಟ್ಟಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಯಾಕೆ ಅಂತ ಕೇಳಿದರೆ, "ಇಂಟರ್ನೆಟ್ ಎಲ್ಲಾ ಅಮೆರಿಕದವರ ಕೈಯಲ್ಲಿದೆ, ದಾವಣಗೆರೆ ಹುಡುಗಿ ಮಾತು ಅಲ್ಲಿ ಯಾರು ಕೇಳ್ತಾರೆ" ಅಂದೆಯಂತೆ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಮುಗಿಸಿಬಿಡುತ್ತೀಯ. ಅದಕ್ಕೇ ಈ ಪತ್ರ. ಕಾಲೇಜಿನಲ್ಲಿ ವರ್ಷಗಟ್ಟಲೆ ನೆಟ್‌ವರ್ಕ್ ಪಾಠ ಮಾಡಿದವನು ನಾನು. ನಮ್ಮ ಮನೆ ಹುಡುಗಿಯೇ ಹೀಗೆ ತಿಳಿದು ಹಿಂದೆ ಸರಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನಿನ್ನ ಮಾತು ಪೂರ್ತಿ ಸುಳ್ಳಲ್ಲ. ಶುರುವಾಗಿದ್ದು ಅಲ್ಲೇ. ಮೊದಲಿಗೆ ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನೆಟ್‌ವರ್ಕಿನ ಎಲ್ಲಾ ಕಂಪ್ಯೂಟರುಗಳ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿತ್ತು. ಉಳಿದವರು ಅದರ ಪ್ರತಿ ಇಳಿಸಿಕೊಳ್ಳಬೇಕಿತ್ತು. ಕಂಪ್ಯೂಟರು ಜಾಸ್ತಿಯಾದಂತೆ ಆ ಪಟ್ಟಿ ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹೆಸರು ಹೇಳಿದರೆ ಕಂಪ್ಯೂಟರನ್ನು ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್ ರೂಪಿಸಿದರು. ಪಟ್ಟಿಯನ್ನು ಒಂದೇ ಕಡೆ ಇಡುವ ಬದಲು ಹಂಚಿಬಿಟ್ಟರು. ಉದಾಹರಣೆಗೆ, ನಮ್ಮ ದೇಶದ ಡಾಟ್ ಇನ್ ಹೆಸರುಗಳ ಲೆಕ್ಕ ಡಾಟ್ ಇನ್ ನೋಡಿಕೊಳ್ಳುವವರ ಹತ್ತಿರ. ಅದರೊಳಗಿನ ಒಂದೊಂದು ಹೆಸರಿನ ಲೆಕ್ಕ ಆಯಾ ಹೆಸರು ಪಡೆದವರ ಹತ್ತಿರ. ಎಲ್ಲಕ್ಕೂ ಮೇಲೆ ರೂಟ್ ಅಂತ ಒಂದು ಸಣ್ಣ ಪಟ್ಟಿ. ಕೊನೆಯ ತುಂಡು, ಅಂದರೆ ಕಾಂ, ಇನ್, ಆರ್ಗ್ ಇಂಥವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನೋದಷ್ಟೇ ಅದರಲ್ಲಿದೆ. ಇಂಥ ತುಂಡುಗಳು ಇವತ್ತು 1400ಕ್ಕೂ ಜಾಸ್ತಿ.

ಆ ರೂಟ್ ಪಟ್ಟಿಯನ್ನು ಬಹಳ ಕಾಲ ನೋಡಿಕೊಂಡವರು ಜಾನ್ ಪೋಸ್ಟೆಲ್. ಅವರ ಮೇಲೆ ಎಲ್ಲರಿಗೂ ನಂಬಿಕೆ ಇತ್ತು. ಆದರೆ ವ್ಯಾಪಾರ ಬಂತು, ಜಗಳ ಬಂತು. 1998ರ ಸೆಪ್ಟೆಂಬರಿನಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಐಕ್ಯಾನ್ ಹುಟ್ಟಿತು. ಮುಂದಿನ ತಿಂಗಳೇ ಪೋಸ್ಟೆಲ್ ತೀರಿಕೊಂಡರು. ಅಲ್ಲಿಂದ 18 ವರ್ಷ ಅಮೆರಿಕದ ವಾಣಿಜ್ಯ ಇಲಾಖೆ ಒಂದು ಒಪ್ಪಂದದ ಮೂಲಕ ಈ ಕೆಲಸದ ಮೇಲೆ ಕಣ್ಣಿಟ್ಟಿತ್ತು. ನೀನು ಹೇಳುವ ಅಮೆರಿಕದ ಕೈ ಅದೇ. 2016ರ ಅಕ್ಟೋಬರ್ 1ಕ್ಕೆ ಆ ಒಪ್ಪಂದ ಮುಗಿಯಿತು. ಮತ್ತೆ ಹೊಸದಾಗಲಿಲ್ಲ. ಐಕ್ಯಾನ್ ಈಗಲೂ ಕ್ಯಾಲಿಫೋರ್ನಿಯಾ ಕಾನೂನಿನ ಕೆಳಗೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ರೂಟಿನಲ್ಲಿ ಒಂದು ಸಾಲು ತಿದ್ದಲು ಈಗ ಯಾವ ಸರ್ಕಾರದ ಸಹಿಯೂ ಬೇಕಿಲ್ಲ. ಅದಾದ ಮೇಲಿನ ಮೊದಲ ಸಭೆ ನಡೆದದ್ದು ಎಲ್ಲಿ ಗೊತ್ತಾ? ಹೈದರಾಬಾದಿನಲ್ಲಿ, ಆ ನವೆಂಬರಿನಲ್ಲೇ. ನಮ್ಮೂರಿನಿಂದ ಒಂದು ರಾತ್ರಿಯ ಬಸ್ಸಿನ ದಾರಿ.

ಹಾಗಾದರೆ ಯಾರ ಕೈಯಲ್ಲಿದೆ ಅಂತ ಕೇಳುತ್ತೀಯ. ಆ ರೂಟ್ ಪಟ್ಟಿಯನ್ನು ಕೇಳಿದವರಿಗೆ ಒದಗಿಸುವ ರೂಟ್ ಸರ್ವರುಗಳಿಗೆ ಎ ಇಂದ ಎಂ ವರೆಗೆ 13 ಹೆಸರು. ನಡೆಸುವವರು 12 ಸಂಸ್ಥೆಗಳು. ಹೆಚ್ಚಿನವು ಅಮೆರಿಕದವು, ನಿಜ. ಆದರೆ ಸ್ವೀಡನ್, ನೆದರ್ಲೆಂಡ್ಸ್, ಜಪಾನಿನವೂ ಇವೆ. ಅವುಗಳ ನಕಲುಗಳು ಸಾವಿರಕ್ಕೂ ಜಾಸ್ತಿ, ನಮ್ಮ ದೇಶದಲ್ಲೂ ಇವೆ. ಈ 12 ಸಂಸ್ಥೆಗಳಿಗೆ ಐಕ್ಯಾನ್ ಮೇಲಧಿಕಾರಿಯಲ್ಲ. ಎಲ್ಲರೂ ಒಂದೇ ಪಟ್ಟಿ ಇಟ್ಟುಕೊಂಡಿರುವುದು ಪರಸ್ಪರ ಒಪ್ಪಿಗೆಯಿಂದ. ಆ ಒಪ್ಪಿಗೆ ಮುರಿದರೆ ಒಂದೇ ಹೆಸರು ಒಬ್ಬೊಬ್ಬರನ್ನು ಒಂದೊಂದು ಕಡೆ ಕರೆದೊಯ್ಯುತ್ತದೆ. ಹಾಗಾಗಬಾರದು ಅನ್ನೋದು ಎಲ್ಲರಿಗೂ ಗೊತ್ತು.

ಈ ಒಪ್ಪಿಗೆಗೆ ನಿಜವಾದ ಪರೀಕ್ಷೆ ಬಂದದ್ದು 2022ರ ಫೆಬ್ರವರಿ ಕೊನೆಗೆ. ರಷ್ಯಾ ನುಗ್ಗಿದ ಕೆಲವೇ ದಿನಕ್ಕೆ ಉಕ್ರೇನ್ ಸರ್ಕಾರ ಐಕ್ಯಾನ್‌ಗೆ ಪತ್ರ ಬರೆಯಿತು. ರಷ್ಯಾದ ಹೆಸರುಗಳ ಕೊನೆ ತುಂಡಾದ ಡಾಟ್ ಆರ್‌ಯು ತೆಗೆದುಹಾಕಿ ಅಂತ ಕೇಳಿತು. ಮನೆಮಠ ಕಳೆದುಕೊಳ್ಳುತ್ತಿದ್ದವರ ಕೋರಿಕೆ ಅದು. ಯಾರಿಗಾದರೂ ಮನಸ್ಸು ಕರಗಬೇಕು. ಐಕ್ಯಾನ್ ಮಾರ್ಚ್ 2ಕ್ಕೆ ಆಗುವುದಿಲ್ಲ ಅಂತ ಉತ್ತರ ಕೊಟ್ಟಿತು. ಶಿಕ್ಷೆ ಕೊಡುವುದು ನಮ್ಮ ಕೆಲಸವಲ್ಲ, ಹೆಸರುಗಳು ಎಲ್ಲೆಡೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ ಅನ್ನೋದು ಅದರ ಸಾರ. ಆ ಉತ್ತರ ಸರಿ ಅಂತಲೇ ನನ್ನ ಅಭಿಪ್ರಾಯ. ಇವತ್ತು ಒಂದು ದೇಶದ ಹೆಸರು ಕಿತ್ತರೆ ನಾಳೆ ಬಲವಿದ್ದವರು ಇನ್ನೊಂದಕ್ಕೆ ಕೈ ಹಾಕುತ್ತಾರೆ. ಯಾವುದು ದೇಶ ಯಾವುದು ಅಲ್ಲ ಅಂತ ತಾವು ತೀರ್ಮಾನಿಸುವುದಿಲ್ಲ ಅಂತ ಪೋಸ್ಟೆಲ್ 1994ರಲ್ಲೇ ಬರೆದಿಟ್ಟಿದ್ದರು. ಐಎಸ್‌ಒ 3166 ಎಂಬ, ದೇಶಗಳಿಗೆ ಎರಡಕ್ಷರದ ಗುರುತು ಕೊಡುವ ಅಂತರರಾಷ್ಟ್ರೀಯ ಪಟ್ಟಿಯನ್ನೇ ಹಿಡಿದರು. ಆ ಒಂದು ನಿಲುವು ಎಷ್ಟೋ ಜಗಳ ತಪ್ಪಿಸಿದೆ.

ಇನ್ನೊಂದು ಪ್ರಸಂಗ ಡಾಟ್ ಆರ್ಗ್‌ದು. ಸೇವಾ ಸಂಸ್ಥೆಗಳು ನಂಬಿಕೊಂಡ ಈ ಹೆಸರುಗಳ ನಿರ್ವಹಣೆಯನ್ನು ನೂರು ಕೋಟಿ ಡಾಲರಿಗೂ ಮೀರಿದ ಹಣಕ್ಕೆ ಒಂದು ಹೂಡಿಕೆ ಕಂಪನಿಗೆ ಮಾರುವ ಮಾತಾಗಿತ್ತು. ಪ್ರಪಂಚದ ಎಲ್ಲಾ ಕಡೆಯಿಂದ ವಿರೋಧ ಬಂತು. 2020ರ ಏಪ್ರಿಲ್ 30ಕ್ಕೆ ಐಕ್ಯಾನ್ ಮಂಡಳಿ ಒಪ್ಪಿಗೆ ನಿರಾಕರಿಸಿತು. ಆ ವಿರೋಧದಲ್ಲಿ ಸಣ್ಣ ಸಣ್ಣ ಸಂಸ್ಥೆಗಳ ದನಿಯೂ ಇತ್ತು. ಮಾತು ಯಾರು ಕೇಳುತ್ತಾರೆ ಅಂದೆಯಲ್ಲ, ಕೇಳಿಸಿದ್ದು ಹೀಗೆ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ನೀನು ಹೋಗಲೇಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕೇ. ನಿನ್ನ ಅಮ್ಮನ ತವರು ಮೊಳಕಾಲ್ಮೂರು. ರಾಯದುರ್ಗದ ಕಡೆ ಹೋಗುವಾಗ ಅಂಗಡಿ ಬೋರ್ಡು ಕನ್ನಡವೋ ತೆಲುಗೋ ಅಂತ ದೂರದಿಂದ ತಿಳಿಯುವುದಿಲ್ಲ, ಅಲ್ವಾ? ಗ, ಜ, ಬ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಸೊನ್ನೆಯಂತೂ ಅದೇ. ಕಂಪ್ಯೂಟರಿಗೆ ಮಾತ್ರ ಇವು ಬೇರೆ ಬೇರೆ ಅಕ್ಷರ. ಕನ್ನಡದ ಒಂದು ಹೆಸರನ್ನು ತೆಲುಗು ಅಕ್ಷರಗಳಲ್ಲಿ ಬರೆದು ಇನ್ನೊಬ್ಬ ಪಡೆದರೆ, ಮೋಸ ಮಾಡುವವನಿಗೆ ದಾರಿ ಸಲೀಸು. ಇದನ್ನು ತಡೆಯಲು ನವ ಬ್ರಾಹ್ಮಿ ಎಂಬ ತಂಡ ಕೂತು ಕನ್ನಡ, ತೆಲುಗು, ತಮಿಳು, ದೇವನಾಗರಿ ಸೇರಿ 9 ಲಿಪಿಗಳಿಗೆ ರೂಟಿನ ನಿಯಮ ಬರೆಯಿತು. ಯಾವ ಅಕ್ಷರದ ಮುಂದೆ ಯಾವ ಗುರುತು ಬರಬಹುದು, ಯಾವ ಲಿಪಿಯ ಯಾವ ಅಕ್ಷರ ಇನ್ನೊಂದರ ಹಾಗೆ ಕಾಣುತ್ತದೆ, ಒಂದನ್ನು ಕೊಟ್ಟ ಮೇಲೆ ಯಾವುದನ್ನು ಯಾರಿಗೂ ಕೊಡಬಾರದು, ಎಲ್ಲಾ ಅದರಲ್ಲಿದೆ. ಇದನ್ನು ಅಮೆರಿಕದವರು ಬರೆಯಲು ಸಾಧ್ಯವೇ ಇರಲಿಲ್ಲ. ನಮ್ಮ ಅಕ್ಷರ ಬಲ್ಲವರೇ ಬರೆಯಬೇಕಿತ್ತು, ಅವರೇ ಬರೆದರು.

ಡಾಟ್ ಭಾರತ ಅನ್ನೋದು ಕನ್ನಡ ಲಿಪಿಯಲ್ಲೇ ರೂಟಿನಲ್ಲಿದೆ. ಡಾಟ್ ಇನ್ ನಡೆಸುವ ನಿಕ್ಸಿ ಸಂಸ್ಥೆಯೇ ಅದನ್ನೂ ನೋಡಿಕೊಳ್ಳುತ್ತದೆ. ಆದರೆ ಬಳಸುವವರು ಬಹಳ ಕಡಿಮೆ. ಕನ್ನಡದ ಇಮೇಲ್ ವಿಳಾಸ ಹಾಕಿದರೆ ಎಷ್ಟೋ ಅರ್ಜಿ ಫಾರಂಗಳು ತಪ್ಪು ಅಂತ ವಾಪಸ್ ತಳ್ಳುತ್ತವೆ. ರೂಟಿನಲ್ಲಿ ಜಾಗ ಸಿಕ್ಕರೂ ಸಾಫ್ಟ್‌ವೇರ್ ಬರೆಯುವವರು ಅದನ್ನು ಒಪ್ಪದಿದ್ದರೆ ನಮ್ಮ ಅಜ್ಜಿಯರಿಗೆ ಏನು ಉಪಯೋಗ? ಐಕ್ಯಾನ್ ಸಭೆಗಳಲ್ಲಿ ಇದಕ್ಕೇ ಯೂನಿವರ್ಸಲ್ ಆಕ್ಸೆಪ್ಟೆನ್ಸ್ ಅಂತ ಒಂದು ಕೆಲಸ ನಡೆಯುತ್ತಿದೆ. ಕನ್ನಡ ಓದು ಬರಹ ಬಂದು, ತೆಲುಗು ಕಿವಿಗೆ ಬಿದ್ದು, ಕೋಡ್ ಕೂಡ ಬರೆಯುವವರು ಅಲ್ಲಿ ಸುಮ್ನೆ ಸಿಗುವುದಿಲ್ಲ. ನೀನು ಈ ಮೂರನ್ನೂ ಬಲ್ಲೆ.

ಹೋದ ಮೇಲೆ ಕಣ್ಣು ತೆರೆದುಕೊಂಡಿರು. ಐಕ್ಯಾನ್‌ಗೆ ಹಣ ಬರುವುದು ಹೆಚ್ಚಾಗಿ ಹೆಸರು ಮಾರುವವರಿಂದಲೇ. ಆದ್ದರಿಂದ ಅವರ ದನಿ ದೊಡ್ಡದು. 2012ರಲ್ಲಿ ಕಾಂ, ಆರ್ಗ್ ಥರದ ಹೊಸ ಕೊನೆ ತುಂಡಿಗೆ ಅರ್ಜಿ ಶುಲ್ಕವೇ 1,85,000 ಡಾಲರ್ ಇತ್ತು. ನಮ್ಮ ಕಡೆಯ ಯಾವ ಕನ್ನಡ ಸಂಘ ಅಷ್ಟು ಕಟ್ಟೀತು? ಸರ್ಕಾರಗಳಿಗೆ ಬೇರೆ ಸಮಿತಿ ಇದೆ. ಬಳಕೆದಾರರ ಪರವಾಗಿ ಮಾತಾಡಲು ಅಟ್-ಲಾರ್ಜ್ ಅಂತ ಇನ್ನೊಂದು ಗುಂಪಿದೆ. ನೀನು ಮೊದಲು ಅಲ್ಲಿ ಕೂತುಕೋ. ಮೊದಲ ಸಭೆಯಲ್ಲೇ ಮೈಕ್ ಹಿಡಿಯುವ ಅವಸರ ಬೇಡ. ಮುಂಚೆ ನಡೆದ ಚರ್ಚೆಗಳ ದಾಖಲೆ ಎಲ್ಲಾ ಬಹಿರಂಗವಾಗಿದೆ, ಓದಿಕೊಂಡು ಹೋಗು. ರೂಟ್ ಪಟ್ಟಿ ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿಯ ಕೀಲಿ ಬಳಸುವ ಕಾರ್ಯಕ್ರಮ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಬೇರೆ ಬೇರೆ ದೇಶದವರು ಸಾಕ್ಷಿಗೆ ಬರುತ್ತಾರೆ, ಎಲ್ಲರೂ ನೋಡುವಂತೆ ನೇರ ಪ್ರಸಾರ ಮಾಡುತ್ತಾರೆ. ಒಮ್ಮೆ ಕೂತು ನೋಡು. ನಂಬಿಕೆಯನ್ನು ಹೇಗೆ ಎಲ್ಲರ ಕಣ್ಣೆದುರು ಕಟ್ಟುತ್ತಾರೆ ಅನ್ನೋದು ತಿಳಿಯುತ್ತದೆ.

ನಿಮ್ಮಪ್ಪನ ಮಂಡಕ್ಕಿ ಭಟ್ಟಿಗೆ ವೆಬ್‌ಸೈಟ್ ಮಾಡಿಸುತ್ತಿದ್ದಾರಂತೆ. ಒಂದು ಮಾತು. ಹೆಸರು ಪಡೆಯುವಾಗ ಮಾಲೀಕರ ಜಾಗದಲ್ಲಿ ನಿಮ್ಮಪ್ಪನ ಹೆಸರು, ಅವನದೇ ಇಮೇಲ್ ಇರಲಿ. ಪಹಣಿಯಲ್ಲಿ ಬೇರೆಯವರ ಹೆಸರು ಕೂತರೆ ಏನಾಗುತ್ತದೆ ಅಂತ ನಮ್ಮ ಮನೆಯವರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಬೀದಿಯ ಒಬ್ಬರ ಅಂಗಡಿಗೆ ಸೈಟ್ ಮಾಡಿದವನು ಹೆಸರನ್ನು ತನ್ನ ಖಾತೆಯಲ್ಲೇ ಇಟ್ಟುಕೊಂಡಿದ್ದ. ಅವನು ಫೋನ್ ಎತ್ತುವುದು ಬಿಟ್ಟ ಮೇಲೆ ಇವರು ಹೆಸರನ್ನೇ ಕಳೆದುಕೊಂಡರು. ನವೀಕರಣದ ದಿನವನ್ನೂ ನೀನೇ ಗುರುತು ಹಾಕಿಕೋ.

ಅರ್ಜಿಯಲ್ಲಿ ಯಾಕೆ ಬರುತ್ತೀರಿ ಅಂತ ಕೇಳುವ ಕಡೆ ಇಂಟರ್ನೆಟ್ ಮಹತ್ವದ ಬಗ್ಗೆ ದೊಡ್ಡ ದೊಡ್ಡ ಮಾತು ಬರೆಯಬೇಡ. ಮೊಳಕಾಲ್ಮೂರಿನ ಬೋರ್ಡುಗಳ ವಿಷಯ ಬರೆ, ಕನ್ನಡ ಇಮೇಲ್ ಒಪ್ಪದ ಫಾರಂಗಳ ವಿಷಯ ಬರೆ. ಭಾನುವಾರದೊಳಗೆ ಕರಡು ಕಳಿಸು. ನಾನು ಓದಿ ತಿದ್ದಿ ಅವತ್ತೇ ವಾಪಸ್ ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ