ಮಗಳಿಗೊಂದು ಪತ್ರ: ಸುಸ್ತು ಅಂತ ಸುಮ್ಮನಾಗಬೇಡ

ಪ್ರೀತಿಯ ಪುಟ್ಟಿ,

ಸ್ತನ ಕ್ಯಾನ್ಸರಿಗೆ ಕೊಡುವ ಆ ಕೆಂಪು ಕೀಮೋ ಔಷಧಿ ನಾಲ್ಕು ಸಲವೂ ಮುಗಿಯಿತಲ್ಲ, ಅದರ ಹೆಸರು ಡಾಕ್ಸೊರುಬಿಸಿನ್. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 60 ಮಿಲಿಗ್ರಾಂನಂತೆ ಒಟ್ಟು 240 ಆಯಿತು. ಈ ಅಂಕಿಯನ್ನು ಫೈಲಿನ ಮೊದಲ ಹಾಳೆಯಲ್ಲೇ ದಪ್ಪಗೆ ಬರೆದಿಡು. ಔಷಧಿ ಮೈಯಿಂದ ಇಳಿದರೂ ಹೃದಯದ ಸ್ನಾಯುವಿಗೆ ಪ್ರತಿ ಸಲ ಬಿದ್ದ ಪೆಟ್ಟು ಒಂದಕ್ಕೊಂದು ಕೂಡುತ್ತದೆ. 400 ದಾಟಿದರೆ ಅಪಾಯ ಸರ್ರನೆ ಏರುತ್ತದೆ. ಮುಂದೆ ಯಾವ ಊರಿನ ಡಾಕ್ಟರಿಗೆ ತೋರಿಸಿದರೂ ಈ ಲೆಕ್ಕ ಬೇಕು.

ಇನ್ನು ಕ್ಯಾನ್ಸರಿನ ಮುಂದಿನ ಔಷಧಿ ಟ್ರಾಸ್ಟುಜುಮಾಬ್, ಮೂರು ವಾರಕ್ಕೊಮ್ಮೆ, ಒಂದು ವರ್ಷ. ಇದು ಹೃದಯದ ಕಸುವು ತಗ್ಗಿಸಬಹುದು, ಆದರೆ ನಿಲ್ಲಿಸಿದರೆ ಹೆಚ್ಚಿನವರಿಗೆ ಆ ಕಸುವು ಮರಳುತ್ತದೆ. ಅದಕ್ಕೇ ಮೂರು ತಿಂಗಳಿಗೊಂದು ಎಕೋ, ಅಂದರೆ ಹೃದಯದ ಸ್ಕ್ಯಾನ್. 'ನಾರ್ಮಲ್' ಅಂದರೆಂದು ಎದ್ದು ಬರಬೇಡ, ಇಎಫ್ (ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಅನ್ನುವ ಅಂಕ) ಎಷ್ಟು ಅಂತ ಕೇಳಿ ಬರೆದುಕೋ. 64 ಇದ್ದದ್ದು 54ಕ್ಕೆ ಬಂದರೂ ವರದಿ ನಾರ್ಮಲ್ ಎನ್ನಬಹುದು, ಇಳಿದದ್ದು ಮಾತ್ರ 10 ಅಂಕ. ಅಷ್ಟು ಇಳಿದು 50ರ ಕೆಳಗೂ ಹೋದರೆ ಸಾಮಾನ್ಯವಾಗಿ ಔಷಧಿ ತಡೆದು, ಹೃದಯದ ಮಾತ್ರೆ ಶುರುಮಾಡಿ, ನಾಲ್ಕು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಎಕೋ ಒಂದೇ ಕಡೆ ಮಾಡಿಸು. ಯಂತ್ರ, ನೋಡುವವರು ಬದಲಾದರೆ ಹೃದಯ ಹಾಗೇ ಇದ್ದರೂ ಅಂಕ ಆಚೀಚೆ ಆಗುತ್ತದೆ. ಸ್ಟ್ರೇನ್, ಅಂದರೆ ಹೃದಯದ ಸ್ನಾಯು ಎಷ್ಟು ಕುಗ್ಗುತ್ತದೆ ಅನ್ನುವುದನ್ನೂ ಅಳೆಯಿರಿ ಅಂತ ಹೇಳು. ಇಎಫ್ ಇಳಿಯುವ ಮೊದಲೇ ಅದು ಸುಳಿವು ಕೊಡುತ್ತದೆ.

ನಿನ್ನದು ಎಡಭಾಗ. ರೇಡಿಯೇಷನ್ ವೇಳೆ ಉಸಿರು ಹಿಡಿಸುವ ವ್ಯವಸ್ಥೆ ಇದೆಯಾ ಅಂತ ಮೊದಲೇ ವಿಚಾರಿಸು. ಎದೆ ತುಂಬ ಗಾಳಿ ಎಳೆದಾಗ ಹೃದಯ ಎದೆಗೋಡೆಯಿಂದ ಹಿಂದೆ ಸರಿಯುತ್ತದೆ, ಕಿರಣ ಅದಕ್ಕೆ ಕಡಿಮೆ ತಾಗುತ್ತದೆ. 20 ಸೆಕೆಂಡು ಹಿಡಿಯುವುದನ್ನು ಈಗಿನಿಂದಲೇ ರೂಢಿ ಮಾಡಿಕೋ.

ನನಗಿರುವ ಭಯ ಒಂದೇ, ಕಂದಾ. ಏನಾದರೂ 'ಕೀಮೋ ಸುಸ್ತು' ಅಂತ ನುಂಗಿಕೊಳ್ಳುತ್ತೀಯ. ಸುಸ್ತಾದವಳು ಮಲಗಿದರೆ ಹಾಯಾಗಬೇಕು. ಮಲಗಿದಾಗಲೇ ಉಸಿರು ಕಟ್ಟಿದರೆ, ಎರಡನೇ ದಿಂಬು ಬೇಕೆನಿಸಿದರೆ, ನಡುರಾತ್ರಿ ಕೆಮ್ಮಿ ಎದ್ದು ಕೂತರೆ ಅದು ಹೃದಯದ್ದಿರಬಹುದು. ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದು, ಕಾಫಿಗೆ ಮುಂಚೆ ತೂಕ ನೋಡು. ಮೂರು ದಿನದಲ್ಲಿ 2 ಕೆಜಿ ಏರಿದರೆ ಮೈಯಲ್ಲಿ ನೀರು ನಿಂತಿರಬಹುದು ಅಂತ ತಿಳಿ. ಪಾದದ ಗಂಟಿನ ಮೇಲೆ, ಮೂಳೆ ಸಿಗುವಲ್ಲಿ ಹೆಬ್ಬೆರಳು ಒತ್ತಿ ಹತ್ತು ಎಣಿಸಿ ತೆಗೆ. ಕುಳಿ ಹಾಗೇ ಉಳಿದರೆ ಅವತ್ತೇ ಫೋನ್ ಮಾಡು. ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ ಫೋನಿಗೆ ಕಾಯದೆ ತುರ್ತು ವಿಭಾಗಕ್ಕೇ ಹೋಗು.

ಹೃದಯದ ಮಾತ್ರೆ ಅಂತ ರಾಮಿಪ್ರಿಲ್ ಕೊಟ್ಟರೆ ಒಣಕೆಮ್ಮು ಬರಬಹುದು. ನೀನಾಗಿ ಬಿಡಬೇಡ, ಹೇಳಿದರೆ ಬೇರೆ ಮಾತ್ರೆ ಬರೆದುಕೊಡುತ್ತಾರೆ. ಉಪ್ಪು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಉಪ್ಪಿನಕಾಯಿ ಜಾಡಿ ಸ್ವಲ್ಪ ದಿನ ಅಟ್ಟದ ಮೇಲಿರಲಿ.

ಮುಂದಿನ ಎಕೋಗೆ ಹಳೆಯ ವರದಿಗಳನ್ನೆಲ್ಲ ಒಯ್ಯಿ. ಅಂಕ ಬಂದ ಕೂಡಲೇ ನನಗೂ ಕಳಿಸು.

ನಿನ್ನ ಅಮ್ಮ