ಅಪ್ಪನ ಹಾಗೆ ಆಗ್ತೀನಾ ಅಂತ ಕೇಳಿದ್ದೀಯ

ಸಾಗರ

ಪ್ರೀತಿಯ ಮೇದಿನಿ,

ನಿನ್ನ ಪತ್ರ ಬಂತು. ಮನೆ ಬಾಡಿಗೆ, ಕೋರಸ್‌ನಲ್ಲಿ ಜಾಗ ಸಿಕ್ಕಿದ್ದು, ರೂಮ್‌ಮೇಟ್‌ನ ಬೆಕ್ಕು, ಎಲ್ಲ ಖುಷಿಯಿಂದ ಓದುತ್ತಿದ್ದೆ. ಮಧ್ಯದಲ್ಲಿ ಒಂದು ಸಾಲು ಬರೆದು, ಏನೂ ಆಗದವಳ ಹಾಗೆ ಮತ್ತೆ ಬೆಕ್ಕಿನ ಸುದ್ದಿಗೆ ಹೋಗಿದ್ದೀಯ. 'ಅತ್ತೆ, ನಾನೂ ಅಪ್ಪನ ಹಾಗೆ ಆಗ್ತೀನಾ?' ಅಂತ. ಆಮೇಲಿನದು ಯಾವುದೂ ನನ್ನ ತಲೆಗೆ ಹೋಗಲಿಲ್ಲ.

ನಿಮ್ಮಪ್ಪನ ಸ್ಕಿಜೋಫ್ರೇನಿಯಾ ಅನ್ನುವ ಮನಸ್ಸಿನ ಕಾಯಿಲೆ, ಔಷಧಿ, ಆ ಕೊನೆಯ ಮಳೆಗಾಲ, ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನನಗಿಂತ ಹತ್ತಿರದಿಂದ ನೋಡಿದವಳು ನೀನು. ನೀನು ಕೇಳಿದ್ದು ಬೇರೆ. ಅವನಿಗೆ ಶುರುವಾದ ವಯಸ್ಸು ಈಗ ನಿನಗೆ. ಅವನ ಹಾಗೇ ಹಾಡುತ್ತೀಯ, ಅವನ ಹಾಗೇ ರಾತ್ರಿ ನಿದ್ದೆ ಬಿಡುತ್ತೀಯ. ಹಾಡು ಬಂದ ದಾರಿಯಲ್ಲೇ ಅದೂ ಬಂದರೆ ಅನ್ನುವುದು ನಿನ್ನ ಹೆದರಿಕೆ. ಅಲ್ವಾ?

ನೀವು ಹಾಡುತ್ತಿರುವ 'ಒರಾಂಗೊ' ಒಪೆರಾದಲ್ಲಿ, ಅಂದರೆ ಹಾಡಿನಲ್ಲೇ ಆಡುವ ನಾಟಕದಲ್ಲಿ, ಅರ್ಧ ಕಪಿ ಅರ್ಧ ಮನುಷ್ಯನಾದ ಒರಾಂಗೊನನ್ನು ನೋಡಿ ಕೋರಸ್‌ನವರೆಲ್ಲ ನಗುವ ಜಾಗದಲ್ಲಿ ನಿನಗೆ ನಗು ಬರಲಿಲ್ಲ ಅಂತ ಬರೆದಿದ್ದೀಯ. ಅದಕ್ಕೇ ಆ ಒಪೆರಾ ಏನು ಅಂತ ನೋಡಲು ಕೂತೆ. ಪಕ್ಕದ ಮನೆ ಹುಡುಗ ಮೊಬೈಲಿನಲ್ಲಿ ಹಾಕಿಕೊಟ್ಟ. ಸಂಗೀತ ನನಗೆ ಅಷ್ಟು ಒಗ್ಗಲಿಲ್ಲ, ಗದ್ದಲ ಜಾಸ್ತಿ. ಕತೆ ಮಾತ್ರ ಬಿಡಲಿಲ್ಲ. ಫ್ರಾನ್ಸಿನ ವಿಜ್ಞಾನಿಯೊಬ್ಬ ಹೆಣ್ಣು ಕಪಿಗೆ ಮನುಷ್ಯನ ವೀರ್ಯ ಸೇರಿಸಿ ಹುಟ್ಟಿಸಿದ ಜೀವ ಅದು. ಬೆಳೆದು ಪತ್ರಕರ್ತನಾಗುತ್ತದೆ, ಪತ್ರಿಕೆಗಳ ಒಡೆಯನಾಗಿ ದುಡ್ಡು ಮಾಡುತ್ತದೆ. ಆಮೇಲೆ ಒಳಗಿದ್ದ ಕಪಿ ಮೆಲ್ಲಗೆ ಹೊರಗೆ ಬರುತ್ತದೆ. ಕೊನೆಗೆ ಮಾಸ್ಕೋದಲ್ಲಿ ಜನರ ಮುಂದೆ ಚಾಕು ಫೋರ್ಕು ಹಿಡಿದು ತಿಂದು ತೋರಿಸಬೇಕು, ಪಿಯಾನೋ ಮೇಲೆ ಮಕ್ಕಳ ಹಾಡು ನುಡಿಸಬೇಕು. ನೀನು ಯಾಕೆ ನಗಲಿಲ್ಲ ಅಂತ ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ವಿಷಯ ನೋಡು. ಆ ಕತೆ ಬರೆದವರಿಗೆ ವಿಜ್ಞಾನ ಬೇಕಾಗಿರಲಿಲ್ಲ. 1932ರಲ್ಲಿ ಅಕ್ಟೋಬರ್ ಕ್ರಾಂತಿಯ ಹದಿನೈದನೇ ವರ್ಷಕ್ಕೆ ಅಂತ ಮಾಸ್ಕೋದ ಬೊಲ್ಶೊಯ್ ಥಿಯೇಟರಿಗೆ ಒಂದು ಒಪೆರಾ ಬೇಕಾಗಿತ್ತು. ಅಲೆಕ್ಸೈ ಟಾಲ್‌ಸ್ಟಾಯ್ ಮತ್ತು ಸ್ಟಾರ್ಚಕೊವ್ ಕತೆ ಕಟ್ಟಿದರು, ಶೊಸ್ತಕೋವಿಚ್ ಸಂಗೀತಕ್ಕೆ ಕೂತರು. ಆಗ ಅವರಿಗೆ ಇಪ್ಪತ್ತೈದೋ ಇಪ್ಪತ್ತಾರೋ. ಬಂಡವಾಳಶಾಹಿ ಅಂದರೆ ಅರ್ಧ ಕಪಿ ಅಂತ ಗೇಲಿ ಮಾಡುವುದು ಉದ್ದೇಶ. ಪೀಠಿಕೆ ಮಾತ್ರ ಆಯಿತು, ಅದೂ ಪಿಯಾನೋಗೆ. ಮುಂದೆ ಬರೆಯಲಿಲ್ಲ. ಸ್ಟಾರ್ಚಕೊವ್‌ನನ್ನು ಅದೇ ಸರ್ಕಾರ 1937ರಲ್ಲಿ ಗುಂಡಿಕ್ಕಿ ಕೊಂದಿತು. ಹಾಳೆಗಳು 2004ರಲ್ಲಿ ಮಾಸ್ಕೋದ ಗ್ಲಿಂಕಾ ಮ್ಯೂಸಿಯಮ್ಮಿನಲ್ಲಿ ಸಂಗೀತ ಸಂಶೋಧಕಿ ಓಲ್ಗಾ ಡಿಗೊನ್ಸ್ಕಾಯಾ ಅವರ ಕಣ್ಣಿಗೆ ಬಿದ್ದವು. ಜೆರಾರ್ಡ್ ಮೆಕ್‌ಬರ್ನಿ ಅದನ್ನು ಆರ್ಕೆಸ್ಟ್ರಾಗೆ ಹೊಂದಿಸಿದರು. 2011ರ ಡಿಸೆಂಬರಿನಲ್ಲಿ ಮೊದಲ ಸಲ ಕೇಳಿಸಿದ್ದು ನಿಮ್ಮ ಲಾಸ್ ಏಂಜಲೀಸಿನಲ್ಲೇ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಂದು ತಮಾಷೆ ಕೇಳು. ಮೆಕ್‌ಬರ್ನಿಯವರ ತಮ್ಮ ಸೈಮನ್ ಅದರ ಹಿಂದಿನ ವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಹೊಸ ಒಪೆರಾ ನಿರ್ದೇಶಿಸಿದ್ದರು. ಅದರಲ್ಲಿ ಬೀದಿನಾಯಿಗೆ ಮನುಷ್ಯನ ಗ್ರಂಥಿ ಕಸಿ ಮಾಡಿ ಮನುಷ್ಯನನ್ನು ಮಾಡುತ್ತಾರೆ. ಅಣ್ಣನಿಗೆ ಕಪಿ, ತಮ್ಮನಿಗೆ ನಾಯಿ. ಇದಕ್ಕೂ ಒಂದು ಜೀನ್ ಇದೆ ಅಂತ ಎಂಜಲು ನೋಡಿ ಜೀನ್ ಹೇಳುವ ನಿನ್ನ ಆ ಪರೀಕ್ಷೆಯವರು ರಿಪೋರ್ಟ್ ಕೊಟ್ಟಾರು.

ಒರಾಂಗೊ ಪೂರ್ತಿ ಕಟ್ಟುಕತೆಯೂ ಅಲ್ಲ. ಇಲ್ಯಾ ಇವಾನೊವ್ ಅಂತ ಒಬ್ಬರಿದ್ದರು. ಕುದುರೆಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವುದರಲ್ಲಿ ದೊಡ್ಡ ಹೆಸರು. ಸೋವಿಯತ್ ಸರ್ಕಾರದ ದುಡ್ಡಿನಲ್ಲಿ 1926ರಲ್ಲಿ ಆಫ್ರಿಕಾದ ಫ್ರೆಂಚ್ ಗಿನಿಗೆ ಹೋಗಿ ಮೂರು ಹೆಣ್ಣು ಚಿಂಪಾಂಜಿಗಳ ಮೇಲೆ ಪ್ರಯೋಗ ಮಾಡಿದರು. ಒಂದೂ ಬಸಿರಾಗಲಿಲ್ಲ. 1930ರಲ್ಲಿ ಅವರನ್ನೂ ಹಿಡಿದು ಕಜಕಸ್ತಾನದ ಆಲ್ಮಾ ಆಟಾಕ್ಕೆ ಗಡೀಪಾರು ಮಾಡಿದರು. ಒರಾಂಗೊ ಬರೆದ 1932ರಲ್ಲೇ ಅಲ್ಲಿ ತೀರಿಕೊಂಡರು. ಮನುಷ್ಯನ ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ ಎಳೆಗಳು, ಕ್ರೋಮೋಸೋಮ್‌ಗಳು, ಎಷ್ಟು ಅನ್ನುವುದೇ ಆಗ ಸರಿಯಾಗಿ ಎಣಿಸಿರಲಿಲ್ಲ. 48 ಅಂತ ಪುಸ್ತಕಗಳಲ್ಲಿತ್ತು. 46 ಅಂತ ಖಚಿತವಾಗಿದ್ದು 1956ರಲ್ಲಿ. ಎಣಿಕೆಯೇ ತಪ್ಪಿದ್ದ ಕಾಲದಲ್ಲಿ ರಕ್ತದಲ್ಲಿ ಏನಿದೆ ಅಂತ ಎಷ್ಟು ಜನ ಗಟ್ಟಿಯಾಗಿ ಮಾತಾಡುತ್ತಿದ್ದರು!

ಮೇಷ್ಟ್ರು ಬುದ್ಧಿ, ಪಾಠಕ್ಕೆ ಇಳಿದುಬಿಟ್ಟೆ. ಮತ್ತೆ ನಿನ್ನ ಸಾಲಿಗೆ ಬರುತ್ತೇನೆ.

ಕಾಲೇಜಿನಲ್ಲಿ ವಂಶವೃಕ್ಷದ ಚಿತ್ರ ಎಷ್ಟು ಸಲ ಬರೆದಿದ್ದೇನೋ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದರೆ ಒಳಗೆಲ್ಲ ಸೀಮೆಸುಣ್ಣ ತುಂಬಬೇಕು. ವಿಕ್ಟೋರಿಯಾ ರಾಣಿಯ ಮನೆತನದ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಬರೆಯುವಾಗ ನನ್ನ ಕೈ ಒಂದು ಚೌಕದ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅದರ ಪಕ್ಕದ ವೃತ್ತ ನಾನು. ಕೆಳಗಿನ ವೃತ್ತ ನೀನು, ನೀನಿನ್ನೂ ಹುಟ್ಟಿರಲಿಲ್ಲ. ಪಠ್ಯಪುಸ್ತಕದಲ್ಲಿ ಬರುವುದೆಲ್ಲ ಒಂದೇ ಜೀನಿನ ಕತೆ. ಮೆಂಡೆಲನ ಬಟಾಣಿ, ಬಣ್ಣಗುರುಡು, ಹಿಮೋಫಿಲಿಯಾ. ಮಕ್ಕಳು ಎಲ್ಲವೂ ಹಾಗೇ ಇಳಿದು ಬರುತ್ತದೆ ಅಂದುಕೊಂಡು ಕ್ಲಾಸಿನಿಂದ ಎದ್ದು ಹೋಗುತ್ತಾರೆ. ನಿಮ್ಮಪ್ಪನಿಗಿದ್ದ ಸ್ಕಿಜೋಫ್ರೇನಿಯಾ ಹಾಗಲ್ಲ. 2022ರ ದೊಡ್ಡ ಅಧ್ಯಯನವೊಂದು ಜೀನೋಮಿನಲ್ಲಿ, ಅಂದರೆ ನಮ್ಮ ಜೀನ್‌ಗಳೆಲ್ಲ ಇರುವ ಪೂರ್ತಿ ಬರಹದಲ್ಲಿ, ಅದಕ್ಕೆ ಸಂಬಂಧಪಟ್ಟ 287 ಜಾಗ ತೋರಿಸಿತು. ಒಂದೊಂದರ ಪಾಲೂ ಚೂರುಚೂರು.

ನೂರು ಜನರಲ್ಲಿ ಸುಮಾರು ಒಬ್ಬರಿಗೆ ಅದು ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗೆ, ಹೆಚ್ಚುಕಡಿಮೆ. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ಇದ್ದಾಗಲೂ ಅರ್ಧಕ್ಕಿಂತ ಜಾಸ್ತಿ ಸಲ ಇನ್ನೊಬ್ಬರಿಗೆ ಬರುವುದಿಲ್ಲ. ಹತ್ತರಲ್ಲಿ ಒಂದು ಅಂದರೆ ಸಣ್ಣದಲ್ಲ, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಉಳಿದ ಒಂಬತ್ತನ್ನೂ ಲೆಕ್ಕಕ್ಕೆ ತಗೋ ಅಂತಷ್ಟೇ ಹೇಳೋದು.

ನೀನಿರುವ ಕ್ಯಾಲಿಫೋರ್ನಿಯಾದಲ್ಲೇ 1909ರಲ್ಲಿ ಒಂದು ಕಾನೂನು ಬಂತು. ಮಾನಸಿಕ ಆಸ್ಪತ್ರೆಯಲ್ಲಿದ್ದವರಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಬಹುದು ಅಂತ. ಸುಮಾರು 20,000 ಜನರಿಗೆ ಮಾಡಿದರು. ಕಾನೂನು ತೆಗೆದದ್ದು 1979ರಲ್ಲಿ. ಬದುಕಿ ಉಳಿದವರಿಗೆ ಪರಿಹಾರ ಕೊಡಲು ಒಪ್ಪಿದ್ದು 2021ರಲ್ಲಿ. ಅಲ್ಲಿನ ಪಾಸಡೀನಾದ ಒಂದು ಸಂಸ್ಥೆ ಇದನ್ನು ಹೊಗಳಿ ಪ್ರಚಾರ ಮಾಡಿತು, ಜರ್ಮನಿಯವರು ಓದಿದರು. 1933ರ ಜರ್ಮನ್ ಕಾನೂನಿನ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾದ ಹೆಸರೇ ಇತ್ತು. ಅಲ್ಲಿ ಸುಮಾರು ನಾಲ್ಕು ಲಕ್ಷ ಜನ. ನಿಮ್ಮಪ್ಪ ಆ ಕಾಲದಲ್ಲಿ ಆ ದೇಶದಲ್ಲಿ ಇದ್ದಿದ್ದರೆ ನೀನು ಇರುತ್ತಿರಲಿಲ್ಲ. ಮೇದಿನಿ, ಇದನ್ನು ಬರೆಯುವಾಗ ಒಂದು ಸಲ ಪೆನ್ನು ಕೆಳಗಿಟ್ಟೆ.

ಅತ್ತ ರಷ್ಯಾದಲ್ಲಿ ಲೈಸೆಂಕೊ ಅನ್ನುವ ಕೃಷಿ ವಿಜ್ಞಾನಿ ಉಲ್ಟಾ ಹೇಳಿದ. ಜೀನ್ ಅನ್ನುವುದೆಲ್ಲ ಸುಳ್ಳು, ಬೆಳೆಸಿದ ಹಾಗೆ ತಳಿ ಬದಲಾಗುತ್ತದೆ ಅಂದ. ಅವನನ್ನು ಒಪ್ಪದ, ಊರೂರು ಸುತ್ತಿ ಬೀಜ ಕೂಡಿಟ್ಟ ತಳಿವಿಜ್ಞಾನಿ ವವಿಲೊವ್ 1943ರಲ್ಲಿ ಸರಾಟೊವ್ ಜೈಲಿನಲ್ಲಿ ಸತ್ತರು. ಒಬ್ಬರಿಗೆ ರಕ್ತವೇ ಎಲ್ಲ, ಇನ್ನೊಬ್ಬರಿಗೆ ರಕ್ತ ಏನೂ ಅಲ್ಲ. ಇಬ್ಬರ ಹತ್ತಿರವೂ ಗ್ಯಾರಂಟಿ ಇತ್ತು. ನನ್ನ ಹತ್ತಿರ ಇಲ್ಲ. ಬರಲ್ಲ ಅಂತ ನಾನು ಹೇಳಲಾರೆ. ನಿನಗೆ ಬೇಕಾಗಿದ್ದದ್ದು ಆ ಮಾತೊಂದೇ ಅಂತ ಗೊತ್ತಿದ್ದೂ.

ನೀನು ಕೇಳಿದ್ದನ್ನು ನಾನೂ ಕೇಳಿಕೊಂಡಿದ್ದೆ. ಯಾರಿಗೂ ಬರೆಯಲಿಲ್ಲ, ಅಷ್ಟೇ. ನಾನು, ನಿಮ್ಮಪ್ಪ ಒಂದೇ ಚಾಪೆಯ ಮೇಲೆ ಕೂತು ಸಂಗೀತ ಕಲಿತವರು. ಅವನಿಗೆ ತಾರ ಷಡ್ಜ ಸಲೀಸು, ನನಗೆ ಕೆಳಗಿನ ಸ್ವರಗಳು. ಅವನಿಗೆ ಹಾಗಾದ ಮೇಲೆ ಊರಿನ ಹಿರಿಯರೊಬ್ಬರು ಬಂದು, ಸಂಗೀತ ತಲೆಗೇರಿದೆ, ಅದಕ್ಕೇ ಹೀಗೆ ಅಂದರು. ಅವನ ಕೊರಳಿಗೆ ತಾಯಿತ ಬಂತು. ನನ್ನ ಪಾಠವೂ ನಿಂತಿತು. ಹಾರ್ಮೋನಿಯಂ ಅನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ಮನೆ ರಿಪೇರಿಗೆ ಇಳಿಸಿದಾಗ ತಿದಿಯೊಳಗೆ ಇಲಿ ಸಂಸಾರ ಮಾಡಿತ್ತು. ಹಾರ್ಮೋನಿಯಂನ ಮೂರು ಕೀ ಒತ್ತಿದರೂ ಉಸ್ ಅನ್ನುವ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ.

ನಾನು ಜೀವಶಾಸ್ತ್ರ ಓದಿದ್ದು ಅದಕ್ಕೇ ಅನ್ನಿಸುತ್ತದೆ, ಈಗ ಯೋಚಿಸಿದರೆ. ರಾತ್ರಿ ಯಾರೋ ಕರೆದ ಹಾಗೆ ಕೇಳಿಸಿದರೆ, ಶುರುವಾಯಿತಾ ಅಂತ ಎದ್ದು ಕೂರುತ್ತಿದ್ದೆ. ಹೆಚ್ಚಿನ ಸಲ ಅದು ಕೊಟ್ಟಿಗೆಯ ದನ. ಹಾಗೆ ಕಾದು ಕಾದು ಎಪ್ಪತ್ತು ದಾಟಿದೆ, ಅದು ಬರಲಿಲ್ಲ. ಹಾಡೂ ಮತ್ತೆ ಬರಲಿಲ್ಲ. ನಿಮ್ಮಪ್ಪನೇ ವಾಸಿ, ಮಾತ್ರೆ ಸರಿಹೋದ ವರ್ಷಗಳಲ್ಲಿ ಬಚ್ಚಲುಮನೆಯಲ್ಲಾದರೂ ಹಾಡುತ್ತಿದ್ದ. ನಾನು ಅಡುಗೆಮನೆಯಲ್ಲಿ ಒಗ್ಗರಣೆ ನಿಲ್ಲಿಸಿ ಕೇಳುತ್ತಿದ್ದೆ. ಜೊತೆಗೆ ಒಂದು ಸಾಲು ಹೇಳಬಹುದಿತ್ತು. ಹೇಳಲಿಲ್ಲ.

ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೂ ಒಂದೆರಡು ಮಾತು, ಬೇಡ ಅನ್ನಿಸಿದರೆ ಬಿಡು. ನಿದ್ದೆ ಕೆಡಿಸಿಕೊಳ್ಳಬೇಡ, ತಾಲೀಮು ಇದ್ದರೂ ಸರಿ. ಅಲ್ಲಿ ಗಾಂಜಾ ಅಂಗಡಿಯಲ್ಲೇ ಮಾರುತ್ತಾರಂತೆ. ಬೇರೆಯವರಿಗೆ ಹೇಗೋ, ನಮ್ಮಂಥ ಮನೆಯವರಿಗೆ ಅದು ಒಳ್ಳೆಯದಲ್ಲ. ಇದು ಅಜ್ಜಿ ಮಾತಲ್ಲ, ಡಾಕ್ಟರುಗಳೂ ಹೇಳುತ್ತಾರೆ. ಎಂಜಲು ಕಳಿಸಿ ತರಿಸಿದ ರಿಪೋರ್ಟಿನಲ್ಲಿ ಸಂಗೀತಕ್ಕೆ ಹೈ, ಮನಸ್ಸಿನ ಕಾಯಿಲೆಗೆ ಮೀಡಿಯಂ ಅಂತ ಬಂದಿದೆ ಅಂದೆಯಲ್ಲ, ಅದನ್ನು ದಿನಾ ತೆಗೆದು ನೋಡಬೇಡ. ಒಬ್ಬ ಮನೋವೈದ್ಯರ ಹತ್ತಿರ ಹೋಗಿ ನಿಮ್ಮಪ್ಪನ ವಿಷಯ ಪೂರ್ತಿ ಹೇಳು. ಏನೂ ಆಗದೇ ಇರುವಾಗಲೇ ಹೋಗು. ನಿಮ್ಮಪ್ಪನನ್ನು ನಾವು ಕರೆದುಕೊಂಡು ಹೋಗುವಾಗ ಎಷ್ಟು ತಡವಾಗಿತ್ತು ಅಂತ ನಿನಗೂ ಗೊತ್ತು. ಈಗ ಬೇಗ ಹಿಡಿದರೆ ಚಿಕಿತ್ಸೆ ಎಷ್ಟೋ ಸುಲಭ.

ನಗುವ ಜಾಗದಲ್ಲಿ ನಗು ಬರದಿದ್ದರೆ ಏನು ಮಾಡಲಿ ಅಂತಲೂ ಕೇಳಿದ್ದೀಯ. ಹಾಡಿನ ವಿಷಯದಲ್ಲಿ ನನ್ನನ್ನು ಕೇಳಬೇಡ ಮಗಳೇ, ನಿಮ್ಮ ಕಂಡಕ್ಟರನ್ನು ಕೇಳು. ಸುಮ್ನೆ ಬಾಯಿ ಆಡಿಸಿದರೂ ಗುಂಪಿನಲ್ಲಿ ತಿಳಿಯೋದಿಲ್ಲ ಅಂತ ನನ್ನ ಅಂದಾಜು. ಕೋರಸ್ ಮಾತ್ರ ಬಿಡಬೇಡ.

ನಿಮ್ಮಮ್ಮನಿಗೆ ನಾನು ಏನೂ ಹೇಳಿಲ್ಲ. ಡಾಕ್ಟರ ಅಪಾಯಿಂಟ್‌ಮೆಂಟ್ ಯಾವತ್ತು ಸಿಕ್ಕಿತು ಅಂತ ಮೊದಲು ಬರೆ, ರೆಕಾರ್ಡಿಂಗ್ ಆಮೇಲೆ ಕಳಿಸಿದರಾಯಿತು.

ನಿನ್ನ,
ಸಾಗರದ ಅತ್ತೆ